ಮೂರನೇ ಚಾನೆಲ್ಲಿನ ತಿದ್ದುಪಡಿ

ಲ್ಯಾಪ್‌ಟಾಪನ್ನು ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ತಂದೆ,
ಬಸುರಿಯ ಹಾಗೆ ಹೆಜ್ಜೆ ಎಣಿಸುತ್ತ.
ಹೊರಗೆ ಮೈನಸ್ ಇಪ್ಪತ್ತಾರು. ಬ್ಯಾಟರಿಗೆ
ನನ್ನಷ್ಟೂ ತಾಳ್ಮೆಯಿಲ್ಲ.

ಲೇನಾ ನದಿಯ ಎಡದಂಡೆ, ಅಕ್ಟೋಬರ್ ಕೊನೆ.
ಅಕುಲೀನಾಳ ಅಂಗಳದಲ್ಲಿ ನೆಲದ ಬಾಯಿಗೊಂದು ಮರದ ಮುಚ್ಚಳ;
ಎತ್ತಿದರೆ ಹನ್ನೊಂದು ಮೆಟ್ಟಿಲು,
ಕೆಳಗೆ ಬುಲೂಸ್. ಅವಳ ಮಾವ
ಕೊಡಲಿ ಹಿಡಿದು ಗೇಣು ಗೇಣಾಗಿ ಕೊರೆದ
ಹೆಪ್ಪುನೆಲದ ಕಣಜ.
ಕೆರೆಯ ಮಂಜುಗಡ್ಡೆ, ಕುದುರೆ ಮಾಂಸ, ಮೀನು
ಸದ್ದಿಲ್ಲದೆ ವರ್ಷ ಕಳೆಯುತ್ತಿದ್ದ ಜಾಗ.

ಗೋಡೆಯಲ್ಲಿ ನಾಲ್ಕು ತೂತು, ನಾಲ್ಕು ತಂತಿ, ಒಂದು ಬೂದು ಡಬ್ಬಿ.
ಆರು ವರ್ಷ, ಗಂಟೆಗೊಮ್ಮೆ ಎದ್ದು
ನೆಲದ ನಾಡಿ ಹಿಡಿದು, ಬರೆದಿಟ್ಟು,
ಮತ್ತೆ ಮಲಗಿದ ಡಬ್ಬಿ.
ಗವ್ರೀಲ್ ನೋಡಿಕೊಳ್ಳುತ್ತಿದ್ದ. ಈಗ ನಾನು.
ಅವನು ಬಿಟ್ಟುಹೋದದ್ದು: ಒಂದು ಸ್ಕ್ರೂಡ್ರೈವರ್,
ಬೆರಳ ತುದಿ ಕತ್ತರಿಸಿದ ಕೈಗವಸು,
ಪಾಸ್‌ವರ್ಡ್ (ಅವನ ನಾಯಿಯ ಹೆಸರು).

ಮೊದಲ ಚಾನೆಲ್. ಸೆನ್ಸರ್ ಯಾವ ಜಾತಿ, ಕೇಳುತ್ತದೆ ತೆರೆ.
ಥರ್ಮಿಸ್ಟರ್, ಹತ್ತು ಸಾವಿರ ಓಮ್.
ಬೆರಳು ಮರಗಟ್ಟಿ ಪಟ್ಟಿಯಲ್ಲಿ ಕೆಳಗಿನದನ್ನು ಒತ್ತಿದೆ;
ಒಂದು ಕ್ಷಣ ಹೆಪ್ಪುನೆಲ
ನೂರಾ ನಲವತ್ತು ಡಿಗ್ರಿ ಕುದಿಯಿತು.
ಯಂತ್ರಕ್ಕೆ ಬೆರಗಿಲ್ಲ. ನಾವು ಏನೆಂದರೆ ಅದೇ.
ಸರಿಪಡಿಸಿದೆ. ಮೈನಸ್ ಎರಡು ಬಿಂದು ಒಂದು.
ಎರಡನೆಯದೂ ಹೆಚ್ಚುಕಡಿಮೆ ಹಾಗೇ.

ಮೂರನೆಯದರಲ್ಲಿ, ಯಾರೂ ಇಳಿದು ನೋಡದ ಕೊನೆಯ ಸಾಲಿನಲ್ಲಿ,
ತಿದ್ದುಪಡಿ: ಮೈನಸ್ ಸೊನ್ನೆ ಬಿಂದು ಎಂಟು.
ಎರಡು ವರ್ಷದ ಹಿಂದಿನ ಸೆಪ್ಟೆಂಬರ್.
ಕಾರಣ ಬರೆಯುವ ಚೌಕ ಖಾಲಿ.

ಸೆನ್ಸರ್ ಜಾರಿದ್ದರೆ ಹೀಗೆ ಮಾಡುವುದುಂಟು,
ಹಿಂದೆ ಬೀಳುವ ಗಡಿಯಾರವನ್ನು ಮುಂದಿಟ್ಟುಕೊಂಡು ಬಾಳುವ ಹಾಗೆ.
ಪರೀಕ್ಷೆಯೂ ಉಂಟು, ಸುಲಭದ್ದು:
ಥರ್ಮಾಸಿನಲ್ಲಿ ಪುಡಿ ಮಂಜುಗಡ್ಡೆ, ಅದರ ಸಂದು ತುಂಬುವಷ್ಟು ನೀರು.
ಕರಗುವುದೂ ಹೆಪ್ಪಾಗುವುದೂ
ಜಗಳವಿಲ್ಲದೆ ಒಂದೇ ಮಣೆಯ ಮೇಲೆ ಕೂತಲ್ಲಿ ಸೊನ್ನೆ.
ಅದನ್ನು ಯಾವ ಕಚೇರಿಯೂ ಬದಲಿಸಲಾರದು.

ಅಕುಲೀನಾ ಕೊಡಲಿಯ ಹಿಂಬದಿಯಿಂದ ಗಡ್ಡೆ ಕುಟ್ಟಿಕೊಟ್ಟಳು.
ತಂತಿ ಎಳೆದು ಅದ್ದಿದೆ. ಹತ್ತು ನಿಮಿಷ.
ತಿದ್ದುಪಡಿ ಅಳಿಸಿ ನೋಡಿದೆ:
ಸೊನ್ನೆ ಬಿಂದು ಸೊನ್ನೆ.
ಸೆನ್ಸರಿಗೆ ಏನೂ ಆಗಿರಲಿಲ್ಲ.

ಮತ್ತೆ ಗೋಡೆಯೊಳಗೆ ತೂರಿಸಿದೆ.
ಮೇಲೆ ಎಷ್ಟೇ ಚಳಿಯಿರಲಿ, ಬೇಸಿಗೆ ಇಲ್ಲಿಗೆ ತಡವಾಗಿ ಇಳಿಯುತ್ತದೆ,
ಕೆಟ್ಟ ಸುದ್ದಿ ತಂದು ಹೊಸ್ತಿಲಲ್ಲೇ ಕೆಮ್ಮುತ್ತ ನಿಂತ ನೆಂಟನಂತೆ.
ಅಂಕೆ ತೆವಳಿ ತೆವಳಿ ಹತ್ತಿ ನಿಂತಿತು:
ಪ್ಲಸ್ ಸೊನ್ನೆ ಬಿಂದು ಮೂರು.

ಎರಡು ವರ್ಷ ಈ ಗೋಡೆಯ ಪರವಾಗಿ
ಸುಳ್ಳುಸಾಕ್ಷಿ ಹೇಳಿದ್ದಾನೆ ಗವ್ರೀಲ್.
ಸೊನ್ನೆ ದಾಟಿದ ಕಣಜಕ್ಕೆ ನಗರದವರು
ಕೆಂಪು ಮುದ್ರೆ ಒತ್ತಿ ಮಣ್ಣು ತುಂಬಿಸುತ್ತಾರೆ.

ಗೊತ್ತಿತ್ತಾ ನಿನಗೆ, ಕೇಳಿದೆ,
ಮೆನುವಿನ ರಷ್ಯನ್ ಬಿಟ್ಟು ನಮ್ಮ ಸಖಾ ಮಾತಿನಲ್ಲಿ.
ನಕ್ಕಳು. "ಮಾಂಸ ಆಗಲೇ ಸಾಗಿಸಿದೆ ಮಗಳೇ,
ಮೈದುನನ ಮನೆಯ ಫ್ರೀಜರಿಗೆ.
ಮೂಗಿಗೆ ಯಾವ ತಿದ್ದುಪಡಿ?
ಅವನಿಗೆ ಮಾತ್ರ ಹೇಳಲಿಲ್ಲ. ಬಂದಾಗಲೆಲ್ಲ ಈ ಮೆಟ್ಟಿಲ ಮೇಲೆ ಕೂತು
ಗೋಡೆ ಸವರಿ, ಗಟ್ಟಿಯಿದೆ ಅಜ್ಜಿ, ಅನ್ನುತ್ತಿದ್ದ.
ಹೌದಪ್ಪಾ ಅನ್ನುತ್ತಿದ್ದೆ.
ಪಾಪ, ಅವನ ಮನಸ್ಸು ಯಾಕೆ ನೋಯಿಸಲಿ."

ಉಳಿಸಲೇ? ಎಂದು ಕೇಳುತ್ತಿದೆ ತೆರೆ.
ಬ್ಯಾಟರಿ ಶೇಕಡಾ ನಾಲ್ಕು.
ಕಾರಣದ ಚೌಕದಲ್ಲಿ ಕರ್ಸರ್ ಮಿಟುಕುತ್ತ ಕಾಯುತ್ತಿದೆ.
ಬರೆದೆ: ಸೆನ್ಸರ್ ಸರಿಯಾಗಿದೆ.
ಹೌದು ಒತ್ತಿದೆ.

ಮೇಲೆ ಹತ್ತಿಬಂದಾಗ ಅಕುಲೀನಾ
ಥರ್ಮಾಸಿನ ಸೊನ್ನೆಯನ್ನು ಕೆಟಲಿಗೆ ಸುರಿಯುತ್ತಿದ್ದಳು, ಚಹಾಕ್ಕೆ.
ಕೆರೆಯ ಗಡ್ಡೆ, ಚೆಲ್ಲುವುದುಂಟೇ.
ನಾಲ್ಕನೇ ಚಾನೆಲ್ ಇನ್ನೂ ನೋಡಿಲ್ಲ.