ಅದೇ ಜಾಗದಲ್ಲಿ ನಿಂತು

ಹಳೆಯ ಫೋಟೋದವನು ನಡುಬೀದಿಯಲ್ಲೇ ಮುಕ್ಕಾಲಿ ಊರಿದ್ದ.
ಸಾವಿರದ ಒಂಬೈನೂರ ಹನ್ನೊಂದು, ಅಲ್ಮಾ ಬೀದಿ, ಪ್ಯಾಡಿಹ್ಯಾಮ್.
ಆಗ ನಡುಬೀದಿಯೆಂದರೆ ಅಂಗಳದ ಹಾಗೆ,
ಬಂದರೆ ಕಲ್ಲಿದ್ದಲಿನ ಗಾಡಿ, ಅದೂ
ದೂರದಿಂದಲೇ ಲಾಳದ ಸದ್ದು ಮಾಡಿಕೊಂಡು.
ನನಗೆ ಸಿಕ್ಕಿದ್ದು ಎರಡು ಕಾರುಗಳ ನಡುವೆ ಗೇಣು ಜಾಗ.
ಮೊಣಕೈ ತಾಗಿದ್ದಕ್ಕೆ ಒಂದು ಕಾರು
ಕಳ್ಳ ಕಳ್ಳ ಎಂದು ಕೂಗಿಕೊಂಡಿತು.

ಹೊಂದಿಸುತ್ತೇನೆ: ಚಿಮಣಿಗೆ ಚಿಮಣಿ, ಕಿಟಕಿಗೆ ಕಿಟಕಿ.
ಬೀದಿಯ ತುದಿಯಲ್ಲಿದ್ದ ಮಿಲ್ಲು ಇಲ್ಲ, ಹೊಗೆ ಇಲ್ಲ;
ಅದು ಮರೆಮಾಡಿದ್ದ ಗುಡ್ಡ ಬಂದು ನಿಂತಿದೆ.
ಎಲ್ಲಕ್ಕಿಂತ ಹಳೆಯದು ಅದು,
ಹಳೆಯ ಫೋಟೋದಲ್ಲಿ ಅದೇ ಇಲ್ಲ.

ಮೂವತ್ತೊಂದು ವರ್ಷ ಗ್ಯಾಸ್ ಮೀಟರ್ ಓದಿದವನು ನಾನು.
ಈ ಬೀದಿಯ ಮುಖಕ್ಕಿಂತ
ಮೆಟ್ಟಿಲ ಕೆಳಗಿನ ಕತ್ತಲೆ ಚೆನ್ನಾಗಿ ಗೊತ್ತು:
ಹನ್ನೆರಡರಲ್ಲಿ ಮುರಿದ ಕೊಡೆಗಳು,
ಹದಿನಾರರಲ್ಲಿ ಯಾರೂ ನುಡಿಸದ ಅಕಾರ್ಡಿಯನ್,
ಇಪ್ಪತ್ತರಲ್ಲಿ ಮಿಸೆಸ್ ಎಂಟ್ವಿಸಲ್ ಬಚ್ಚಿಟ್ಟ ಶೆರ್ರಿ.
"ನೀವು ನೋಡಿದ್ದು ಅಂಕೆ ಮಾತ್ರ ತಾನೇ?"
"ಅಂಕೆ ಮಾತ್ರ."

ಹಳೆಯದರಲ್ಲಿ ಬೀದಿಗೆ ಬೀದಿಯೇ ಹೊರಗೆ ಬಂದಿದೆ.
ನಲವತ್ತಮೂರು ಜನ. ಎಣಿಸಿದ್ದೇನೆ, ಎಣಿಸುವುದೇ ನನ್ನ ಕಸುಬು.
ಮರದ ಅಟ್ಟೆಯ ಬೂಟುಗಳು, ಕೈಕಟ್ಟಿದ ಗಂಡಸರು,
ಉಸಿರು ಬಿಗಿಹಿಡಿದ ಮಕ್ಕಳು.
ಅಲುಗಾಡಿದ ನಾಯಿಗೆ ಎರಡು ತಲೆ.
ಇಪ್ಪತ್ತೇಳರ ಹೆಂಗಸಿಗೆ ಮುಖವೇ ಇಲ್ಲ:
ಒಳಗೆ ಏನು ಉಕ್ಕಿತೋ, ಯಾರು ಅತ್ತರೋ,
ಸರಿಯಾಗಿ ಆ ಗಳಿಗೆಗೇ ತಿರುಗಿದ್ದಾಳೆ.
ಅವಳ ಹೊಸ್ತಿಲ ಅಂಚು ಮಾತ್ರ
ತಿಕ್ಕಿ ತಿಕ್ಕಿ ಬೆಳ್ಳಗೆ,
ಮಸಿಬೀದಿಯ ಬಾಯೊಳಗೆ ಒಂದೇ ಹಲ್ಲಿನ ಹಾಗೆ.

ನನ್ನದರಲ್ಲಿ ಜನ ಸೊನ್ನೆ.
ಕಸದ ತೊಟ್ಟಿ ಇಪ್ಪತ್ತೆರಡು.
ಡಿಶ್ ಹದಿನಾಲ್ಕು, ಎಲ್ಲವೂ ಒಂದೇ ಕಡೆಗೆ ಕಿವಿಗೊಟ್ಟು.

ಕ್ಲಿಕ್ ಅಂದದ್ದೇ ತಡ, ಇಪ್ಪತ್ತೇಳರ ಬಾಗಿಲು ತೆರೆಯಿತು.
"ಕೌನ್ಸಿಲ್‌ನವರಾ?"
"ಅಲ್ಲ."
"ಮತ್ತೆ ನನ್ನ ಮನೆ ಯಾಕೆ ಹಿಡಿದಿರಿ? ಅಳಿಸಿ."
ಬಿಸ್ಕತ್ತು ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಮಲಗಿದ್ದಳಂತೆ,
ಕೆನ್ನೆಯ ಮೇಲೆ ಇನ್ನೂ ದಿಂಬಿನ ಗೆರೆ. ಹೆಸರು ನೌಶೀನ್,
ಅದನ್ನು ಹೇಳಿದ್ದು ಆಮೇಲೆ.
ಅಳಿಸಿದೆ, ಅವಳ ಕಣ್ಣೆದುರಿಗೇ.

ಹೋಗಬಹುದಿತ್ತು.
ಹಳೆಯದನ್ನು ಅವಳ ಮುಂದೆ ಹಿಡಿದೆ.
ಬೆರಳಿಟ್ಟು ಬಾಗಿಲುಗಳನ್ನು ಎಣಿಸುತ್ತ ಬಂದಳು,
ಮುಖವಿಲ್ಲದವಳ ಹತ್ತಿರ ನಿಂತಳು.
ಗಾಳಿಗೆ ಕಾಗದ ಪಟಪಟ ಅನ್ನುತ್ತಿತ್ತು.
ಆಮೇಲೆ ತನ್ನ ಹೊಸ್ತಿಲು ನೋಡಿಕೊಂಡಳು:
ಒದ್ದೆ ಎಲೆ, ಪಿಜ್ಜಾ ಅಂಗಡಿಯ ಚೀಟಿ.
"ಎಷ್ಟು ಬಿಂಕ ಇವಳಿಗೆ!" ಅಂದಳು,
ಪಕ್ಕದ ಮನೆಯವಳನ್ನು ಆಡಿಕೊಳ್ಳುವ ದನಿಯಲ್ಲಿ,
ಚೀಟಿಯನ್ನು ಕಾಲಲ್ಲಿ ಸರಿಸುತ್ತ.

ಫೋನು ತೆಗೆದು, ನನ್ನನ್ನು ಒಂದು ಮಾತೂ ಕೇಳದೆ,
ಆ ಚಿತ್ರದ ಚಿತ್ರ ಹಿಡಿದುಕೊಂಡಳು.
ಅದರ ಮೂಲೆಯಲ್ಲಿ
ನನ್ನ ಹೆಬ್ಬೆರಳೂ ಬಂದಿರಬೇಕು.