ಕಪ್ಪೆ ತೂಕ

ಸವಳಂಗ ರಸ್ತೆಯಲ್ಲಿ, ಟೈರ್ ರೀಸೋಲ್ ಅಂಗಡಿಯ ಮೇಲೆ
ನಮ್ಮ ಲೋಕ.
ಸುಟ್ಟ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ,
ಬಾಗಿಲು ದಾಟಿದರೆ ಕಾಡು, ಕೋಟೆ, ಏಳು ಹೆಡೆಯ ಹೊಗೆಹಾವು.
ಯಾರ ಕತ್ತಿ ಎಷ್ಟು ಕಡಿಯಬೇಕು,
ಯಾರ ಮಂತ್ರಕ್ಕೆ ಎಷ್ಟು ಉಸಿರು ಖರ್ಚು
ಎಂದು ಬರೆಯುವುದು ನನ್ನ ಕೆಲಸ.
ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಸೋಮವಾರ ಬಿಲ್ಲಾಳು ಅತಿಯಾದ.
ಬಾಣಕ್ಕೆ ಹದಿನಾಲ್ಕು ಇದ್ದದ್ದನ್ನು ಹನ್ನೆರಡಕ್ಕೆ ಇಳಿಸಿದೆ.
ಮಂಗಳವಾರ ಬಿಲ್ಲು ಬಿಸಾಡಿ ಎಲ್ಲರೂ ಮಾಟಗಾತಿಯರಾದರು.
ಬುಧವಾರ ಮಾಟಕ್ಕೊಂದು ಚಿಟಿಕೆ ಬೂದಿ ಹೆಚ್ಚು ಕೇಳಿದೆ;
ಬೂದಿಯ ಬೆಲೆ ಏರಿ,
ಬೂದಿ ಮಾರುವ ಕುಳ್ಳ ಒಂದೇ ರಾತ್ರಿಗೆ
ಅರಮನೆ ಕೊಂಡ.
ಅಮ್ಮ ನಕ್ಕಳು: ಕಪ್ಪೆ ತೂಗ್ತಿದೀಯ ಕಣೇ.

ಅವಳಿಗೆ ಗೊತ್ತು.
ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ.
ಗಾಂಧಿ ಬಜಾರಿನ ತಕ್ಕಡಿಗಳು ಅವಳ ಸ್ಕೂಟರಿನ ಸದ್ದಿಗೇ
ನೆಟ್ಟಗೆ ನಿಲ್ಲುತ್ತಿದ್ದವು.
ಬಟ್ಟಿನ ತಳ ಕೊರೆದು ಮೇಣ ತುಂಬಿದವರು,
ತಟ್ಟೆಯಡಿ ಹುಣಸೆಹಣ್ಣು ಮೆತ್ತಿದವರು,
ಎಲ್ಲರ ಹೆಸರೂ ಈಗಲೂ ಬಾಯಿಪಾಠ.
ಸಂಜೆ ಕನ್ನಡಕ ಏರಿಸಿ ನನ್ನ ಪಟ್ಟಿ ಓದುತ್ತಾಳೆ.
'ಈ ಕತ್ತಿಗೆ ಮುದ್ರೆ ಒತ್ತೋರು ಯಾರು?'
ನಾನೇ.
'ನಿನ್ನ ಬಟ್ಟಿಗೆ?'
ಕಾಫಿ ಆರುತ್ತಿತ್ತು, ಕುಡಿದೆ.

ಶುಕ್ರವಾರದ ಪಟ್ಟಿಯ ಕೊನೆಗೆ ಹರಿಗೋಲಿನವ.
ಮೊದಲ ವರ್ಷ ವೃಷಭೇಂದ್ರ ಹಟ ಹಿಡಿದು ಮಾಡಿಸಿದ ಪಾತ್ರ;
ಕೋರ್ಪಲಯ್ಯನ ಛತ್ರದ ಹತ್ತಿರ ಬೆಳೆದವನು,
ಹೊಳೆ ಇಟ್ಟ ಮೇಲೆ ದಾಟಿಸುವವನು ಬೇಡವೇನ್ರೋ ಅಂದಿದ್ದ.
ಕತ್ತಿ ಇಲ್ಲ, ಮಂತ್ರ ಇಲ್ಲ,
ಒಂದು ಹುಟ್ಟು, ಒಂದು ಬಿದಿರ ಬುಟ್ಟಿ, ಇಬ್ಬರಿಗೆ ಜಾಗ.
ನಾಲ್ಕು ಸಾವಿರ ಆಟಗಾರರಲ್ಲಿ ಆರಿಸಿದವರು ಹನ್ನೊಂದು,
ಅದರಲ್ಲಿ ಹತ್ತು ಮಂದಿ ತಪ್ಪಿ ಒತ್ತಿದವರು.
'ತೆಗೆದುಬಿಡು' ಅಂದ ಫೈರೋಜ್,
'ಇಲ್ಲಾ ಹುಟ್ಟಿಗೆ ಮುಳ್ಳು ಹಾಕು, ಅವನೂ ನಾಲ್ಕು ಬಾರಿಸಲಿ.'

ಹನ್ನೊಂದನೆಯವರ ದಾಖಲೆ ತೆಗೆದೆ.
ಹೆಸರಿನ ಜಾಗದಲ್ಲಿ 'ಭದ್ರಾವತಿ ಮೂರು', ಅಷ್ಟೇ.
ಬರುವುದು ರಾತ್ರಿ ಒಂದೂವರೆಗೆ, ಹೋಗುವುದು ನಾಲ್ಕಕ್ಕೆ.
ಎರಡು ವರ್ಷದಲ್ಲಿ ಕೊಂದದ್ದು ಸೊನ್ನೆ.
ಸತ್ತದ್ದು ಆರುನೂರ ಎಂಟು ಸಲ,
ಬಹಳಷ್ಟು ನಡುಹೊಳೆಯಲ್ಲಿ, ದಡದ ಬಿಲ್ಲಾಳುಗಳ ಮೋಜಿಗೆ.
ದಾಟಿಸಿದ್ದರ ಲೆಕ್ಕ ನಾವು ಇಟ್ಟೇ ಇರಲಿಲ್ಲ.
ಒಂದು ಹುಟ್ಟು ನಲವತ್ತು ಸಲಕ್ಕೆ ಮುರಿಯುತ್ತದೆ,
ಕೊಂಡ ಹುಟ್ಟು ಇನ್ನೂರ ಮೂವತ್ತು;
ಹಾಗೆ ಎಣಿಸಿದೆ, ಒಂಬತ್ತು ಸಾವಿರ ದಾಟಿತು.
ಎಲ್ಲ ಹೊಸಬರು. ಮರದ ಕತ್ತಿ, ಹರಕು ಚಪ್ಪಲಿ.
ಆಚೆ ದಡಕ್ಕೆ ಹೋಗುವುದು ಹೇಗೆಂದು
ಆಟ ಅವರಿಗೆ ಹೇಳಿಕೊಟ್ಟಿರಲಿಲ್ಲ.
ಹೇಳಿಕೊಡಬೇಕಿದ್ದವಳು ನಾನು.

ಹುಟ್ಟಿನ ಹೊಡೆತ: ಐದು, ಎಂದು ಬರೆದೆ.
ಕರೆಂಟು ಹೋಯಿತು, ಯುಪಿಎಸ್ ಕೂಗಿತು, ಅಳಿಸಿದೆ.
ಹುಟ್ಟು ಅರವತ್ತು ಸಲ ಬಾಳಲಿ.
ಹೊಳೆಯ ಮೇಲೆ ಬಾಣಕ್ಕೆ ಗಾಳಿ ಜೋರಾಗಲಿ.
ಇಷ್ಟೇ ಮಾಡಿ ಆರು ಗಂಟೆಗೆ ಲೋಕಕ್ಕೆ ಬಿಟ್ಟೆ.

ಶನಿವಾರ ಬೆಳಗ್ಗೆ ಹೊಳೆ ತುಂಬ ಹರಿಗೋಲು.
ಬಾಣ ತಾಗದ ಜಾಗ ಎಂದು ಕುಳ್ಳನಿಗೆ ಹೊಳೆದಿದೆ,
ಇನ್ನೂರು ಬುಟ್ಟಿ ಕೊಂಡು
ಸುಂಕ ತಪ್ಪಿಸಿ ಬೂದಿ ಸಾಗಿಸುತ್ತಿದ್ದಾನೆ.
ಹೊಸಬರು ದಡದಲ್ಲಿ ನಿಂತೇ ಇದ್ದಾರೆ.
ಆ ರಾತ್ರಿ ಭದ್ರಾವತಿ ಮೂರು ಬರಲಿಲ್ಲ.
ಭಾನುವಾರವೂ ಇಲ್ಲ.

ಅಮ್ಮನಿಗೆ ಹೇಳಿದೆ, ನಗಲಿಲ್ಲ.
'ಮುದ್ರೆ ಒತ್ತಿ ಬಂದ ಮಾರನೇ ದಿನ
ಮತ್ತೆ ಆ ಅಂಗಡಿಗೇ ಹೋಗ್ತಿದ್ದೆ' ಅಂದಳು,
ಬೆಳ್ಳುಳ್ಳಿ ಸುಲಿಯುವುದು ನಿಲ್ಲಿಸದೆ.

ಸೋಮವಾರ ಒಂದು ಸಾಲು: ಬುಟ್ಟಿಯಲ್ಲಿ ಜನ ಮಾತ್ರ, ಸರಕಿಲ್ಲ.
ಇದರಿಂದ ಇನ್ನೇನು ಹಾರುತ್ತದೋ ನೋಡಬೇಕು.
ರಬ್ಬರಿನ ಅಂಗಡಿ ಮುಚ್ಚಿತ್ತು. ಕಾದು ಕೂತೆ.
ಒಂದೂ ನಲವತ್ತಕ್ಕೆ
ದಡದ ಅಂಗಡಿಯ ಲೆಕ್ಕದಲ್ಲಿ ಒಂದು ಸಾಲು ಮೂಡಿತು:
ಹುಟ್ಟು, ಒಂದು.