ಸುಳ್ಳು ಚುಕ್ಕಿ

ಟಿಪ್ಟನ್ನಿನ ಗ್ರಂಥಾಲಯದಲ್ಲಿ ಮಂಗಳವಾರ ಸಂಜೆ
ಹೀಟರಿನ ಪಕ್ಕದ ಕಂಪ್ಯೂಟರು ನನ್ನದು.
ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ತಟ್ಟೆಗೆ ಬಟಾಣಿ ಬಡಿಸಿದ ಕೈ
ಈಗ ಒಂದು ಬ್ರಾಕೆಟ್ಟು ತೆರೆದು ಮುಚ್ಚಲು ಮರೆತು
ಇಡೀ ಪುಟ ಬಿಳಿಚಿಕೊಂಡಾಗ
ಸಾವಿನ ಮನೆಯಲ್ಲಿ ಕೂತಂತೆ ಕೂರುತ್ತದೆ.

ಮಾಡಬೇಕಿದ್ದದ್ದು ಇಷ್ಟೇ: ಊರಿನ ನಕಾಶೆ.
ಕಸ ಕಂಡವರು ಕೆಂಪು ಚುಕ್ಕಿ ಇಡಬೇಕು,
ಎತ್ತಿದವರು ಒತ್ತಿದರೆ ಅದು ಹಸಿರಾಗಬೇಕು.
ಚುಕ್ಕಿ ಇಡುವುದು ನನಗೇನು ಹೊಸತೇ,
ಏಳರಿಂದ ನಾಲ್ಕು, ಸಂದುಚುಕ್ಕಿ,
ಬೆರಳ ಸಂದಿನಿಂದ ಹಿಟ್ಟು ಜಾರಿಸಿದವಳಿಗೆ?
ಆದರೆ ಅಲ್ಲಿ ಗುಡಿಸಿ, ನೀರು ಚಿಮುಕಿಸಿ, ಆಮೇಲೆ ಚುಕ್ಕಿ.
ಇಲ್ಲಿ ಮೊದಲು ಚುಕ್ಕಿ.
ಗುಡಿಸುವುದು ಯಾರಿಗೆ ಪುರುಸೊತ್ತೋ ಅವರು.

ಕಸದ ಬಗೆ ಎಂಬ ಪಟ್ಟಿ ತುಂಬುವಾಗ ಸುಸ್ತಾದೆ.
ಬೀದಿಯಲ್ಲಿ ಬಿದ್ದರೆ ಇಂಗ್ಲಿಷಿನಲ್ಲಿ ಒಂದು ಹೆಸರು,
ಬಿನ್ನಿನೊಳಗೆ ಇದ್ದರೆ ಇನ್ನೊಂದು,
ರಾತ್ರಿ ವ್ಯಾನಿನಲ್ಲಿ ತಂದು ಸುರಿದರೆ ಮತ್ತೊಂದು.
ನನ್ನಜ್ಜಿ ಎಲ್ಲಕ್ಕೂ ಕಸ ಅಂದುಬಿಡುತ್ತಿದ್ದಳು,
ಹೊಲದ ಕಳೆಗೂ, ಕೆಲವು ನೆಂಟರಿಗೂ.

ಬೆರಿಲ್ ಹಿಂಗ್ಲಿಗೆ ಎಪ್ಪತ್ತೆಂಟು. ಮೊಬೈಲಿಲ್ಲ.
ಉದ್ದ ಇಕ್ಕಳ, ಯಾರದೋ ಮಗುವಿನ ಹಳೆಯ ತಳ್ಳುಗಾಡಿ,
ಕಾಲುವೆಯ ದಂಡೆಯಲ್ಲಿ ದಿನಾ ಏಳು ಗಂಟೆಗೆ.
ನನ್ನ ನಕಾಶೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.
'ಚುಕ್ಕಿ ಯಾಕಮ್ಮ, ಜನಕ್ಕೆ ಕಣ್ಣಿಲ್ವಾ?'
ಎಂದು ನನ್ನ ಚಹಾದ ಲೋಟವನ್ನೂ ಗಾಡಿಗೆ ಹಾಕಿದಳು.
ಇನ್ನೂ ಅರ್ಧ ಇತ್ತು.

ಮೊದಮೊದಲು ಅಂಕ ಕೊಡುತ್ತಿದ್ದೆ. ಚುಕ್ಕಿಗೆ ಹತ್ತು.
ಮೂರನೇ ವಾರಕ್ಕೆ ಎಲ್ಲರಿಗಿಂತ ಮೇಲೆ ಆರನೇ ಕ್ಲಾಸಿನ ಟೈರೋನ್,
ಎರಡು ಸಾವಿರದ ನಾನೂರು.
ಊಟದ ಸಾಲಿನಲ್ಲಿ ನಿಲ್ಲಿಸಿ ಕೇಳಿದೆ, ಹೇಗೋ?
ಬಿನ್ನಿನಿಂದ ಚಿಪ್ಸಿನ ಪೊಟ್ಟಣ ತೆಗೆದು ಹರಡಿ,
ಫೋಟೋ ಹೊಡೆದು, ಎತ್ತಿ, ಮತ್ತೆ ಬಿನ್ನಿಗೆ.
'ನಮ್ಮ ಬೀದೀದು ಖಾಲಿ ಆಗೋಯ್ತು, ಮಿಸ್.'
ನಗಬೇಕೋ ಗದರಬೇಕೋ ತಿಳಿಯದೆ
ಅವನಿಗೆ ಒಂದು ಸೌಟು ಕಸ್ಟರ್ಡ್ ಹೆಚ್ಚು ಹಾಕಿದೆ.
ಅವತ್ತೇ ರಾತ್ರಿ ಅಂಕ ಅಳಿಸಿದೆ. ನಾಲ್ಕೇ ಸಾಲು.
ಆಮೇಲೆ ಅವನು ಬರಲಿಲ್ಲ. ಇನ್ನೂ ಬಂದಿಲ್ಲ.

ಹೇಳಬೇಕೆಂದಿದ್ದು ಇದಲ್ಲ.

ಪರೀಕ್ಷೆಗೆಂದು ಒಂದು ಸುಳ್ಳು ಚುಕ್ಕಿ ಇಟ್ಟಿದ್ದೆ,
ಮೂರನೇ ಲಾಕಿನ ಆಚೆ, ಹುಲ್ಲಿನ ನಡುವೆ.
ವಿವರ ಕೇಳುವ ಡಬ್ಬಿಯಲ್ಲಿ ಬೆರಳಿಗೆ ಬಂದದ್ದು
ಅಆಇಈ ಎಂದು ಟೈಪಿಸಿದ್ದೆ.
ಅಳಿಸಲು ಮರೆತೆ.
ಗುರುವಾರ ಬೆಳಿಗ್ಗೆ ನೋಡಿದರೆ ಹಸಿರಾಗಿದೆ!
ಹೆಸರಿಲ್ಲ. ಒಂದು ಫೋಟೋ:
ಒದ್ದೆ ಹುಲ್ಲು, ಬೂಟಿನ ತುದಿ, ಟಾರ್ಚಿನ ಬೆಳಕು.
ಕೆಳಗೆ ಬರೆದಿತ್ತು:
'ತುಂಬ ಹುಡುಕಿದೆ, ಏನೂ ಸಿಗಲಿಲ್ಲ, ಕ್ಷಮಿಸಿ.
ನೀವು ಬರೆದದ್ದು ಯಾವ ಭಾಷೆಯೋ ಗೊತ್ತಾಗಲಿಲ್ಲ,
ಏನೋ ಕಳೆದುಕೊಂಡಿರಬಹುದು ಅನ್ನಿಸಿತು.
ಬರುವ ದಾರಿಯಲ್ಲಿ ಎರಡು ಕ್ಯಾನ್ ಇದ್ದವು, ಎತ್ತಿಕೊಂಡೆ.'

ಯಾರು ನೀನು, ಮಹಾರಾಯ,
ನನ್ನ ವರ್ಣಮಾಲೆಯ ಮೊದಲ ನಾಲ್ಕಕ್ಷರ ಹುಡುಕುತ್ತ
ನಡುರಾತ್ರಿ ಕಾಲುವೆಯ ಚಳಿಯಲ್ಲಿ ಬಗ್ಗಿದವನು?
ಹೆಂಗಸೂ ಇರಬಹುದು. ಬೂಟಿನಿಂದ ಹೇಳುವುದು ಕಷ್ಟ.

ಈಗ ಮೂರನೆಯ ಬಣ್ಣವೊಂದು ಬೇಕು:
ಹೋದೆ, ನೋಡಿದೆ, ಅಲ್ಲಿ ಏನೂ ಇರಲಿಲ್ಲ
ಎಂದವರಿಗಾಗಿ.
ನೀಲಿ ಇಟ್ಟೆ, ಕಾಲುವೆಯಲ್ಲಿ ಕಾಣದೆ ಹೋಯಿತು.
ಹಳದಿ ಎಚ್ಚರಿಕೆಯಂತೆ ಕಂಡಿತು.
ಬೂದು ಇಡಲೇ ಎಂದು ಕೇಳಿದರೆ ಬೆರಿಲ್
ಇಕ್ಕಳವನ್ನು ಮೇಲಕ್ಕೆತ್ತಿ ಟಿಪ್ಟನ್ನಿನ ಆಕಾಶ ತೋರಿಸಿದಳು:
'ಅದು ಬೇಡ. ನಮ್ಮಲ್ಲಿ ಅದು ಬೇಕಾದಷ್ಟಿದೆ.'